ಕೆಟ್ಟ ದಿನವೇ ಇಲ್ಲದ ಪುಸ್ತಕ

ಟೂರ್ಡಿಸ್ ಐವತ್ತು ವರ್ಷದಿಂದ ನನ್ನ ಗೆಳತಿ, ಗೋಡೆಗೆ ಗೋಡೆ ಅಂಟಿದ ನೆರೆಯವಳು. ಮೊನ್ನೆ ಮೊನ್ನೆಯವರೆಗೂ ಅವಳ ಬಾಯಿಂದ ಒಂದು ದೂರು ಕೇಳಿದವಳಲ್ಲ ನಾನು. ನನಗೋ, ಬೆಳಿಗ್ಗೆ ಎದ್ದು ಏನನ್ನಾದರೂ ಬೈಯದಿದ್ದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಗುನ್ವೋರ್ ಎಂದು ನನ್ನ ಹೆಸರು, ಮೂವತ್ತೆಂಟು ವರ್ಷ ಸಲೂನು ನಡೆಸಿದವಳು. ಊರಿನ ಹೆಂಗಸರ ತಲೆಗಳೆಲ್ಲ ನನ್ನ ಕೈಯಲ್ಲಿದ್ದವು, ತಲೆಯ ಜೊತೆಗೆ ಅವರ ದೂರುಗಳೂ. ಟೂರ್ಡಿಸ್ ಮಾತ್ರ, ನನ್ನ ಕತ್ತರಿ ಜಾರಿ ಅವಳ ಕಿವಿಯ ತುದಿ ಕೊಯ್ದ ದಿನವೂ, ಪರವಾಗಿಲ್ಲ ಕಣೇ, ಇನ್ನೊಂದು ಇದೆಯಲ್ಲ ಅಂದವಳು.

ಅವಳು ಬಸ್ ಓಡಿಸುತ್ತಿದ್ದಳು. ಮ್ಯೋಸಾ ಸರೋವರದ ದಂಡೆಯ ನಮ್ಮ ಊರಿನಿಂದ ಕಣಿವೆ ಹತ್ತಿ ಬೆಟ್ಟದ ಮೇಲಿನ ಅಂಗಡಿಯವರೆಗೆ, ದಿನಕ್ಕೆ ಎರಡು ಸಲ, ಮೂವತ್ತಾರು ವರ್ಷ. ಆ ಡಿಪೋದಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಂಗಸು ಅವಳೇ. ನಮ್ಮ ಜನ ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಕೂರುವ ಬದಲು ಮೂವತ್ತು ಮೈಲಿ ನಿಂತೇ ಹೋಗುವವರು. ಇವಳು ಮೈಕು ಹಿಡಿದು, ಹಸಿರು ಟೋಪಿಯವರೇ, ನಿಮ್ಮ ಬ್ಯಾಗಿಗೆ ಟಿಕೆಟ್ ತಗೊಂಡಿಲ್ಲ, ಎತ್ತಿ ಮಡಿಲಲ್ಲಿ ಇಟ್ಕೊಳ್ಳಿ ಅನ್ನುತ್ತಿದ್ದಳು. ಹಾಗೆ ಅವಳು ಅಕ್ಕಪಕ್ಕ ಕೂರಿಸಿದವರಲ್ಲಿ ಎರಡು ಜೋಡಿ ಮದುವೆಯಾದರು. ಎರಡೂ ಮದುವೆಗೆ ತಲೆ ಬಾಚಿದ್ದು ನಾನು. ಅದರಲ್ಲಿ ಒಂದು ಮೂರೇ ವರ್ಷಕ್ಕೆ ಮುರಿದುಬಿತ್ತು, ಅದರ ಸುದ್ದಿ ಟೂರ್ಡಿಸ್ ಎತ್ತುವುದಿಲ್ಲ.

ಬೆಟ್ಟದ ಮೇಲೆ ಅವಳಿಗೊಂದು ಪುಟ್ಟ ಮನೆ ಇದೆ. ಗಂಡ ಹಾಲ್ವರ್ ಕೈಯಾರೆ ಕಟ್ಟಿದ್ದು. ಅವನು ಹೋಗಿ ಹದಿನೈದು ವರ್ಷ ದಾಟಿತು, ಮನೆ ಗಟ್ಟಿಯಾಗಿದೆ. ಎರಡು ಕೋಣೆ, ಸೌದೆ ಒಲೆ, ಕರೆಂಟಿಲ್ಲ, ಕಕ್ಕಸು ಹೊರಗೆ ಇಪ್ಪತ್ತು ಹೆಜ್ಜೆ. ಕಿಟಕಿಯ ಕೆಳಗಿನ ಹಲಗೆಯ ಮೇಲೆ ಒಂದು ದಪ್ಪ ಪುಸ್ತಕ. ಬೆಟ್ಟದ ಮನೆಗೆ ಬಂದವರು ಹೊರಡುವ ಮುಂಚೆ ಅದರಲ್ಲಿ ನಾಲ್ಕು ಸಾಲು ಬರೆಯಬೇಕು: ಹವೆ ಹೇಗಿತ್ತು, ಹಿಮ ಎಷ್ಟಿತ್ತು, ಯಾರು ಬಂದರು, ಏನು ತಿಂದರು. ಇದು ನಮ್ಮಲ್ಲಿ ಎಲ್ಲರ ಬೆಟ್ಟದ ಮನೆಯಲ್ಲೂ ಇರುವುದೇ. ಟೂರ್ಡಿಸ್ ಮನೆಯಲ್ಲಿ ಒಂದು ನಿಯಮ ಹೆಚ್ಚಿಗೆ. ಪುಸ್ತಕದಲ್ಲಿ ದೂರು ಬರೆಯಕೂಡದು. ಬರೆದವರು ಅದನ್ನು ಅಳಿಸಿ, ಆ ದಿನದ ಆಲೂಗೆಡ್ಡೆಯನ್ನೆಲ್ಲ ಒಬ್ಬರೇ ಸುಲಿಯಬೇಕು. ಆ ಮನೆಯಲ್ಲಿ ನಾನು ಸುಲಿದಷ್ಟು ಆಲೂಗೆಡ್ಡೆ ಸೈನ್ಯದವರೂ ಸುಲಿದಿರಲಾರರು.

ಒಂದು ಚಳಿಗಾಲ ಬಿರುಗಾಳಿಗೆ ಕಕ್ಕಸಿನ ಚಾವಣಿ ಕಿತ್ತು ಹಾರಿಹೋಯಿತು. ಒಳಗೆ ನಾನಿದ್ದೆ. ಟೂರ್ಡಿಸ್ ಪುಸ್ತಕದಲ್ಲಿ ಬರೆದದ್ದು ಇಷ್ಟು: ‘ಗಾಳಿ ತಾಜಾ. ಗುನ್ವೋರ್ ಆಕಾಶ ನೋಡಿದಳು.’ ಹಾಲ್ವರ್ ಸ್ಕೀಯಲ್ಲಿ ಜಾರಿ ಕಾಲನ್ನು ಎರಡು ಕಡೆ ಮುರಿದುಕೊಂಡ ದಿನ: ‘ಹಾಲ್ವರ್‌ಗೆ ಒಳ್ಳೆಯ ವಿಶ್ರಾಂತಿ. ಹೆಲಿಕಾಪ್ಟರನ್ನು ಹತ್ತಿರದಿಂದ ನೋಡಿದೆವು.’ ಹೀಗೆ ಮೂವತ್ತೈದು ವರ್ಷ ಬರೆದ ಪುಸ್ತಕ, ಹುಡುಕಿದರೂ ಒಂದು ಕೆಟ್ಟ ದಿನ ಸಿಗುವುದಿಲ್ಲ. ಬಂದವರೆಲ್ಲ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ಪುಸ್ತಕ ಒಂದು ದಿನ ನಮ್ಮ ಕುತ್ತಿಗೆಗೇ ಬರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಇಡುನ್ ಟೂರ್ಡಿಸ್‌ಳ ಮೊಮ್ಮಗಳು, ಮಗನ ಮಗಳು. ಅಪ್ಪ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಅಮ್ಮ ದೂರದ ಊರಿನಲ್ಲಿ ಬೇರೆ ಸಂಸಾರ ಕಟ್ಟಿಕೊಂಡವಳು. ಹುಡುಗಿ ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅಜ್ಜಿಯ ಬಸ್ಸಿನ ಮುಂದಿನ ಸೀಟಿನಲ್ಲಿ. ದೊಡ್ಡವಳಾಗಿ ಮರಗೆಲಸ ಕಲಿತಳು. ನನ್ನ ಅಡುಗೆಮನೆಯ ಕಪಾಟು ಅವಳೇ ಮಾಡಿದ್ದು, ಇವತ್ತಿಗೂ ಬಾಗಿಲು ಕಿರ್ರೆನ್ನುವುದಿಲ್ಲ. ಟೂರ್ಡಿಸ್‌ಗೆ ಮಗನಲ್ಲದೆ ಓಶಿಲ್ಡ್ ಎಂಬ ಮಗಳೂ ಇದ್ದಾಳೆ. ಅವಳ ಗಂಡ ಐವಿಂಡ್. ಅತ್ತೆಗೆ ಸೌದೆ ಒಡೆದುಕೊಡುವವನು, ಎಲ್ಲರ ಗಂಟುಮೂಟೆ ಹೊರುವವನು, ತನ್ನ ದೊಡ್ಡ ಕಾರಿನಲ್ಲಿ ಎಲ್ಲರನ್ನೂ ಬೆಟ್ಟಕ್ಕೆ ಕರೆದೊಯ್ದು ಕರೆತರುವವನು. ನಾನೇ ಅವನನ್ನು ಎಷ್ಟೋ ಸಲ ಹೊಗಳಿದ್ದೇನೆ. ನೆನೆದರೆ ಈಗಲೂ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಇಡುನ್‌ಗೆ ಇಪ್ಪತ್ತಮೂರು ತುಂಬಿದ ವರ್ಷ, ಈಸ್ಟರ್ ರಜೆಯಲ್ಲಿ, ಉಳಿದವರೆಲ್ಲ ಸ್ಕೀ ಹಾಕಿಕೊಂಡು ಹೋಗಿದ್ದಾಗ, ಬೆಟ್ಟದ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಐವಿಂಡ್ ಅವಳ ಮೇಲೆ ಅತ್ಯಾಚಾರ ಮಾಡಿದ. ನಾನು ಇಷ್ಟೇ ಹೇಳುವುದು. ಉಳಿದದ್ದು ಇಡುನ್‌ಳ ಮಾತು, ಹೇಳಬೇಕಾದ ಕಡೆ ಅವಳೇ ಹೇಳಿದ್ದಾಳೆ.

ಅವಳು ಅದನ್ನು ಅಜ್ಜಿಗೆ ಹೇಳಿದ್ದು ಎಂಟು ತಿಂಗಳ ಮೇಲೆ, ಕ್ರಿಸ್‌ಮಸ್‌ಗೆ ಬಿಸ್ಕತ್ತು ಬೇಯಿಸುವಾಗ. ನಾನು ಅಲ್ಲಿರಲಿಲ್ಲ, ಟೂರ್ಡಿಸ್ ಆಮೇಲೆ ಹೇಳಿದಳು. ಹುಡುಗಿ ಹಿಟ್ಟು ಲಟ್ಟಿಸುತ್ತಾ, ತಲೆ ಎತ್ತದೆ, ಎರಡೇ ವಾಕ್ಯದಲ್ಲಿ ಹೇಳಿದಳಂತೆ. ಟೂರ್ಡಿಸ್ ಓವನ್ ಆರಿಸಿದಳು. ಹಬ್ಬದ ಬಿಸ್ಕತ್ತು ಅರ್ಧಕ್ಕೆ ಬಿಟ್ಟದ್ದು ಅವಳ ಜನ್ಮದಲ್ಲಿ ಅದೊಂದೇ ಸಲ. ಪಕ್ಕದಲ್ಲಿ ಕೂತು, ನಂಬ್ತೀನಿ ಮಗಳೇ ಅಂದಳು. ಆಮೇಲೆ, ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ ಎಂದು ಕೇಳಿದಳು. ಮಾರನೆಯ ದಿನ ಇಬ್ಬರೂ ಪೊಲೀಸ್ ಠಾಣೆಗೆ ಹೋದರು.

ಆ ವಾರವೇ ಟೂರ್ಡಿಸ್ ನನ್ನನ್ನು ಕರೆದುಕೊಂಡು ಬೆಟ್ಟದ ಮನೆಗೆ ಹೋದಳು. ಪುಸ್ತಕ ತೆಗೆದು ಆ ಈಸ್ಟರ್ ಭಾನುವಾರದ ಪುಟ ತೋರಿಸಿದಳು. ಅವಳದೇ ಅಕ್ಷರ: ‘ಬಿಸಿಲು. ಹಿಮ ಗಟ್ಟಿ. ಇಡುನ್ ಎಲ್ಲರಿಗೂ ವಾಫಲ್ ಮಾಡಿದಳು. ಎಲ್ಲರೂ ಖುಷಿ.’ ಅದರ ಕೆಳಗೆ ಇಡುನ್‌ಳ ಅಕ್ಷರ: ‘ತುಂಬಾ ಖುಷಿಯಾಯಿತು, ಅಜ್ಜಿ.’ ಅತ್ಯಾಚಾರ ನಡೆದ ಮಾರನೆಯ ಬೆಳಿಗ್ಗೆ ಬರೆದದ್ದು. ಒಲೆಗೆ ಹಾಕೇ ಇದನ್ನ, ಈಗಲೇ ಹಾಕು ಅಂದೆ. ಅವಳು ಹಾಕಲಿಲ್ಲ. ಸುಟ್ಟರೆ ಅದೂ ಒಂದು ಮುಚ್ಚಿಡೋದೇ ಅಂದು ಪುಸ್ತಕವನ್ನು ಮತ್ತೆ ಕಿಟಕಿಯ ಕೆಳಗೆ ಇಟ್ಟಳು. ನನಗೆ ಬಂದ ಕೋಪಕ್ಕೆ ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವಳು ಒಳ್ಳೆಯ ವಿಶ್ರಾಂತಿ ಎಂದು ಎಲ್ಲಾದರೂ ಬರೆದುಕೊಂಡಿರಬೇಕು.

ಪೊಲೀಸರು, ಸರ್ಕಾರಿ ವಕೀಲರು, ಕಾಗದ ಪತ್ರ ಎಂದು ಎರಡು ವರ್ಷ ಎಳೆಯಿತು. ಇಡುನ್ ಪರವಾಗಿ ಸರ್ಕಾರವೇ ಒಬ್ಬ ವಕೀಲೆಯನ್ನು ಕೊಟ್ಟಿತ್ತು. ಚಿಕ್ಕ ವಯಸ್ಸು, ಚೆನ್ನಾಗಿ ಕತ್ತರಿಸಿದ ಕೂದಲು, ನನಗೆ ಹಿಡಿಸಿದಳು. ಟೂರ್ಡಿಸ್‌ಳ ಅಡುಗೆಮನೆಯಲ್ಲಿ ಕೂತು ಅವಳು ಬಿಡಿಸಿ ಹೇಳಿದಳು: ಕೊಟ್ಟಿಗೆಯಲ್ಲಿ ಮೂರನೆಯವರು ಇರಲಿಲ್ಲ. ಇವಳ ಮಾತು ಒಂದು, ಅವನ ಮಾತು ಒಂದು. ನ್ಯಾಯಾಧೀಶೆ ಒಬ್ಬರು, ಅವರ ಜೊತೆ ಊರಿನ ಸಾಮಾನ್ಯ ಜನರಲ್ಲಿ ಆರಿಸಿದ ಇಬ್ಬರು, ಮೂವರೂ ಕೂತು ತೂಗುತ್ತಾರೆ. ಇಡುನ್ ಹೇಳುವುದು ಮೊದಲಿಂದ ಕೊನೆಯವರೆಗೆ ಕೂಡಿಬರುತ್ತದೆಯೇ, ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತಾಳೆಯೇ, ಹೊರಗಿನ ಸಣ್ಣಪುಟ್ಟ ಸಂಗತಿಗಳು ಅದಕ್ಕೆ ಹೊಂದುತ್ತವೆಯೇ ಎಂದು ನೋಡುತ್ತಾರೆ. ಎಲ್ಲ ತೂಗಿದ ಮೇಲೂ ಸಂಶಯ ಉಳಿದರೆ ಅದರ ಲಾಭ ಐವಿಂಡ್‌ಗೆ. ಇದ್ಯಾವ ನ್ಯಾಯ ಎಂದು ನಾನು ಮೇಜು ಕುಟ್ಟಿದೆ. ನಾಳೆ ನಿಮ್ಮ ಮೇಲೆ ಯಾರಾದರೂ ಇಲ್ಲದ್ದು ಹೇಳಿದರೆ ಈ ನ್ಯಾಯವೇ ನಿಮ್ಮನ್ನು ಕಾಯೋದು ಎಂದು ವಕೀಲೆ ತಣ್ಣಗೆ ಅಂದಳು. ನಾನು ಇನ್ನೊಂದು ಲೋಟ ಕಾಫಿ ಹಾಕಿಕೊಂಡೆ.

ವಿಚಾರಣೆಗೆ ಎರಡು ವಾರ ಇದೆ ಅನ್ನುವಾಗ ಟೂರ್ಡಿಸ್ ಬೆಟ್ಟದ ಮನೆಗೆ ಹೋದರೆ ಕಿಟಕಿಯ ಕೆಳಗಿನ ಹಲಗೆ ಖಾಲಿ. ಇನ್ನೊಂದು ಬೀಗದ ಕೈ ಇದ್ದದ್ದು ಐವಿಂಡ್ ಹತ್ತಿರ ಮಾತ್ರ. ಪುಸ್ತಕ ಅವನ ವಕೀಲನ ಕೈ ಸೇರಿತ್ತು, ನ್ಯಾಯಾಲಯಕ್ಕೆ ಕೊಟ್ಟ ಪಟ್ಟಿಯಲ್ಲೂ ಬಂತು. ಅತ್ಯಾಚಾರಕ್ಕೆ ಒಳಗಾದವಳು ಮಾರನೆಯ ಬೆಳಿಗ್ಗೆ ‘ತುಂಬಾ ಖುಷಿಯಾಯಿತು’ ಎಂದು ಬರೆಯುತ್ತಾಳೆಯೇ, ಇದೇ ಅವರ ವಾದ. ಪುಸ್ತಕ ಯಾರದು, ಅದರಲ್ಲಿ ಬರೆದದ್ದು ನಿಜವೇ ಎಂದು ಟೂರ್ಡಿಸ್‌ಳನ್ನೇ ಕೇಳುವುದು ಖಂಡಿತವಾಗಿತ್ತು. ಆ ಪುಸ್ತಕ ಗೆದ್ದರೆ ಇಡುನ್ ಸುಳ್ಳಿ ಅನ್ನಿಸಿಕೊಂಡು ಈ ಊರಿನಲ್ಲಿ ಬಾಳಬೇಕಾಗಿತ್ತು.

ಆ ಭಾನುವಾರ ಓಶಿಲ್ಡ್ ಬಂದಳು. ನಾನು ಎದ್ದು ಹೊರಟರೂ ಟೂರ್ಡಿಸ್ ಕೂರು ಅಂದಳು. ಓಶಿಲ್ಡ್ ಕೋಟು ಬಿಚ್ಚಲಿಲ್ಲ. ಅಳಿಯನ ವಿಷಯದಲ್ಲಿ ಅತ್ತೆ ಸಾಕ್ಷಿ ಹೇಳಲೇಬೇಕೆಂಬ ಕಾನೂನಿಲ್ಲ, ಬೇಡ ಅಂದರೆ ನ್ಯಾಯಾಲಯ ಒತ್ತಾಯ ಮಾಡುವುದಿಲ್ಲ ಎಂದು ವಿಚಾರಿಸಿಕೊಂಡು ಬಂದಿದ್ದಳು.

“ಅಮ್ಮ, ನೀನು ಸುಳ್ಳು ಹೇಳು ಅಂತ ನಾನು ಕೇಳ್ತಿಲ್ಲ,” ಅಂದಳು. “ಸುಮ್ಮನಿರು ಅಂತ ಕೇಳ್ತಿದ್ದೀನಿ ಅಷ್ಟೆ.”

ಟೂರ್ಡಿಸ್ ಮಗಳ ಕೈ ಹಿಡಿದುಕೊಂಡು ಕೂತಳು. ಓಶಿಲ್ಡ್ ಕಾರು ಹೊರಟ ಮೇಲೆ ನನ್ನ ಕಡೆ ತಿರುಗಿ, “ಸುಮ್ಮನಿರೋದನ್ನ ಮನೆಯವರಿಗೆಲ್ಲ ಕಲಿಸಿದವಳೇ ನಾನು ಕಣೇ,” ಅಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ಹಾಲ್ವರ್ ಹೋದಾಗ, ಬಿಟ್ಟರೆ ಆವತ್ತು.

ವಿಚಾರಣೆಯ ದಿನ ಟೂರ್ಡಿಸ್ ಬಸ್ ಕಂಪನಿಯ ಹಳೆಯ ನೀಲಿ ಸಮವಸ್ತ್ರದ ಕೋಟು ಹಾಕಿಕೊಂಡು ಬಂದಳು. ಇದೇನೇ ವೇಷ ಅಂದೆ. ಇದು ಹಾಕಿಕೊಂಡರೆ ಕೈ ನಡುಗಲ್ಲ ಅಂದಳು. ಇಡುನ್ ಮಾತಾಡುವಾಗ ಬಾಗಿಲು ಮುಚ್ಚಿದ್ದರು, ಹೊರಗಿನವರಿಗೆ ಪ್ರವೇಶವಿಲ್ಲ. ಟೂರ್ಡಿಸ್ ಸಾಕ್ಷಿಯಾದ್ದರಿಂದ ಅವಳ ಸರದಿ ಮುಗಿಯುವವರೆಗೆ ಮೊಮ್ಮಗಳ ಜೊತೆ ಒಂದು ಮಾತೂ ಆಡುವ ಹಾಗಿಲ್ಲ. ಹೊರಗೆ ಬೆಂಚಿನ ಮೇಲೆ ಇಬ್ಬರೇ ಎರಡೂವರೆ ಗಂಟೆ ಕೂತೆವು, ನಡುವೆ ಫ್ಲಾಸ್ಕು ಮತ್ತು ಕಂದು ಚೀಸ್ ಇಟ್ಟ ವಾಫಲ್ ಡಬ್ಬಿ. ನಾನು ನಾಲ್ಕೂ ತಿಂದೆ. ನನಗೆ ಭಯವಾದರೆ ಹಸಿವು ಹೆಚ್ಚು. ಅವಳು ಒಂದನ್ನೂ ಮುಟ್ಟಲಿಲ್ಲ. ಕೊನೆಗೆ ಇಡುನ್‌ಳನ್ನು ಆಚೆ ಬಾಗಿಲಿನಿಂದ ಕರೆದುಕೊಂಡು ಹೋದರು, ನಮಗೆ ಕಂಡದ್ದು ಅವಳ ಬೆನ್ನು ಮಾತ್ರ. ಬೆನ್ನು ನೆಟ್ಟಗಿದೆ ನೋಡೇ ಅಂದಳು ಟೂರ್ಡಿಸ್.

ಆಮೇಲೆ ಬಾಗಿಲು ತೆರೆದರು, ನಾನು ಹಿಂದಿನ ಸಾಲಿನಲ್ಲಿ ಕೂತೆ. ನ್ಯಾಯಾಧೀಶೆಯ ಕೂದಲನ್ನು ಯಾರೋ ಅಡುಗೆಮನೆ ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು, ಆದರೆ ಕಣ್ಣು ಚುರುಕು. ಅವರ ಒಂದು ಪಕ್ಕ ಕುರಿ ಸಾಕುವ ಒಬ್ಬ ಗಂಡಸು, ಇನ್ನೊಂದು ಪಕ್ಕ ಶಿಶುವಿಹಾರದ ಟೀಚರ್. ಐವಿಂಡ್ ತನ್ನ ಕೈಗಳನ್ನೇ ನೋಡುತ್ತಿದ್ದ. ಓಶಿಲ್ಡ್ ಎರಡನೇ ಸಾಲಿನಲ್ಲಿದ್ದಳು. ಟೂರ್ಡಿಸ್ ನಿಂತುಕೊಂಡು ಸತ್ಯ ಹೇಳುವುದಾಗಿ ಮಾತು ಕೊಟ್ಟಳು. ಕೂರಿ ಎಂದರು. ಮೂವತ್ತಾರು ವರ್ಷ ಕೂತೇ ಕೆಲಸ ಮಾಡಿದೀನಿ, ಇವತ್ತು ನಿಲ್ತೀನಿ ಅಂದಳು.

“ಆರೋಪಿ ನಿಮ್ಮ ಅಳಿಯ,” ಅಂದರು ನ್ಯಾಯಾಧೀಶೆ. “ನೀವು ಸಾಕ್ಷಿ ಹೇಳಲೇಬೇಕು ಅಂತಿಲ್ಲ. ಬೇಡ ಅನ್ನಿಸಿದರೆ ಈಗಲೇ ಮನೆಗೆ ಹೋಗಬಹುದು.”

ಓಶಿಲ್ಡ್ ಸೀಟಿನಲ್ಲಿ ಮುಂದಕ್ಕೆ ಬಾಗಿದ್ದು ನನಗೆ ಹಿಂದಿನಿಂದಲೇ ಕಂಡಿತು.

“ಬಸ್ ಹೊರಟಾಯ್ತಮ್ಮ,” ಅಂದಳು ಟೂರ್ಡಿಸ್. “ನಡುವೆ ಇಳಿಯೋ ಅಭ್ಯಾಸ ನನಗಿಲ್ಲ.”

ಮೊದಲು ಸರ್ಕಾರಿ ವಕೀಲರು ಕೇಳಿದರು. ಬಿಸ್ಕತ್ತಿನ ದಿನ ಇಡುನ್ ಹೇಳಿದ ಎರಡು ವಾಕ್ಯವನ್ನು ಟೂರ್ಡಿಸ್ ಹಾಗೆಯೇ ಹೇಳಿದಳು, ಒಂದು ಪದ ಸೇರಿಸಲಿಲ್ಲ. ಆ ಈಸ್ಟರ್ ಭಾನುವಾರ ಏನಾದರೂ ಬೇರೆ ಕಂಡಿತೇ ಎಂದಾಗ ಬಸ್ಸಿನ ವಿಷಯ ಬಂತು. ಹುಡುಗಿ ಬೆಳಿಗ್ಗೆಯೆಲ್ಲ ಒಲೆಯ ಮುಂದೆ ನಿಂತು ಎಲ್ಲರಿಗೂ ವಾಫಲ್ ಮಾಡಿದಳು, ತಾನು ಒಂದೂ ತಿನ್ನಲಿಲ್ಲ. ಐವಿಂಡ್ ಕಾರಿನಲ್ಲಿ ಜಾಗವಿತ್ತು, ಅವಳು ಬೇಡ ಅಂದಳು. ಈಸ್ಟರ್ ಭಾನುವಾರ ಬೆಟ್ಟದಿಂದ ಇಳಿಯುವುದು ಒಂದೇ ಬಸ್ಸು, ಮಧ್ಯಾಹ್ನ ಎರಡು ಹದಿನೈದಕ್ಕೆ, ಹಬ್ಬದ ದಿನವಾದ್ದರಿಂದ ಎರಡು ಕಡೆ ಬದಲಾಯಿಸಬೇಕು, ನಾಲ್ಕು ಗಂಟೆ ಹಿಡಿಯುತ್ತದೆ. ಆ ಬಸ್ಸಿಗೆ ಅವಳನ್ನು ಹತ್ತಿಸಿದವಳು ತಾನೇ. ಅವತ್ತು ಹತ್ತಿದ್ದು ಅವಳೊಬ್ಬಳೇ.

“ನಾನು ಆ ದಾರೀಲಿ ಅಷ್ಟು ವರ್ಷ ಬಸ್ ಓಡಿಸಿದೀನಿ,” ಅಂದಳು. “ಮನೆಯವರ ಕಾರಲ್ಲಿ ಸೀಟು ಖಾಲಿ ಇರೋವಾಗ ಆ ಬಸ್ ಹತ್ತಿದವರನ್ನ ನಾನು ನೋಡಿಲ್ಲ. ಅವತ್ತು ನೋಡಿಯೂ ಕೇಳಲಿಲ್ಲ ನಾನು. ಕೇಳಬೇಕಿತ್ತು.”

ಆಮೇಲೆ ಐವಿಂಡ್‌ನ ವಕೀಲ ಎದ್ದ. ಕೈಯಲ್ಲಿ ನಮ್ಮ ಪುಸ್ತಕ, ಬೆನ್ನಿಗೆ ನಂಬರ್ ಬರೆದ ಚೀಟಿ ಅಂಟಿಸಿದ್ದರು. ಆ ಪುಟವನ್ನು ಗಟ್ಟಿಯಾಗಿ ಓದಿದ, ಇಡುನ್‌ಳ ಸಾಲನ್ನು ಎರಡು ಸಲ ಓದಿದ. ಇದು ನಿಮ್ಮ ಪುಸ್ತಕವೇ ಎಂದ. ಹೌದು. ಇದರಲ್ಲಿ ನೀವು ಎಂದಾದರೂ ಸುಳ್ಳು ಬರೆದಿದ್ದೀರಾ ಎಂದ. ಟೂರ್ಡಿಸ್ ನ್ಯಾಯಾಧೀಶೆಯ ಕಡೆ ತಿರುಗಿ, ಉತ್ತರ ಹೇಳುವ ಮುಂಚೆ ಇನ್ನು ಮೂರು ಪುಟ ಇವರೇ ಓದಲಿ ಎಂದು ಕೇಳಿಕೊಂಡಳು. ನ್ಯಾಯಾಧೀಶೆ ತಲೆಯಾಡಿಸಿದರು.

ತಾರೀಖು ಅವಳಿಗೆ ಬಾಯಿಪಾಠ. ಮೊದಲನೆಯದು ಕಕ್ಕಸಿನ ಪುಟ. ವಕೀಲ ಗಂಭೀರ ದನಿಯಲ್ಲಿ ‘ಗುನ್ವೋರ್ ಆಕಾಶ ನೋಡಿದಳು’ ಎಂದು ಓದಿದ. ಅವತ್ತು ಏನಾಗಿತ್ತು ಎಂದು ಟೂರ್ಡಿಸ್ ವಿವರಿಸಿ, ಆ ಗುನ್ವೋರ್ ಅಲ್ಲಿ ಹಿಂದೆ ಕೂತಿದಾಳೆ ಎಂದು ನನ್ನನ್ನು ತೋರಿಸಿದಳು. ಎಲ್ಲರೂ ತಿರುಗಿ ನೋಡಿದರು. ಕುರಿಯವನ ಮೀಸೆ ಅಲ್ಲಾಡಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡನೆಯದು ಕಾಲು ಮುರಿದ ಪುಟ, ಶಿಶುವಿಹಾರದ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೂರನೆಯದು ಮಾರ್ಚ್ ತಿಂಗಳ ಒಂದು ಪುಟ, ನಾನು ಅದನ್ನು ಓದಿದ್ದರೂ ಗಮನಿಸಿರಲಿಲ್ಲ. ವಕೀಲ ಓದಿದ: ‘ಬಿಸಿಲು. ಹಿಮ ಗಟ್ಟಿ. ಹಾಲ್ವರ್ ಎರಡು ಲೋಟ ಕಾಫಿ ಕುಡಿದ. ಸಂಜೆ ಎಲ್ಲರೂ ಊರಿಗೆ ಇಳಿದೆವು.’

“ಹಾಲ್ವರ್ ನನ್ನ ಗಂಡ,” ಅಂದಳು ಟೂರ್ಡಿಸ್. “ಎರಡನೇ ಲೋಟ ಕೆಳಗಿಟ್ಟವನು ಹಾಗೇ ಮೇಜಿನ ಮೇಲೆ ತಲೆ ಇಟ್ಟ. ಎತ್ತಲಿಲ್ಲ. ಸಂಜೆ ಅವನನ್ನ ಇಳಿಸಿದ್ದು ಸ್ಲೆಡ್ಜಿನ ಮೇಲೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಸ್ವಾಮಿ. ಆದ್ರೆ ಈ ಪುಸ್ತಕ ನಂಬಿದ್ರೆ ನನ್ನ ಗಂಡ ಇನ್ನೂ ಬದುಕಿದಾನೆ.”

ವಕೀಲ ಪುಸ್ತಕ ಮುಚ್ಚಲು ಹೋದವನು ಹಾಗೇ ನಿಂತ.

“ಈ ಮನೇಲಿ ಕೆಟ್ಟದ್ದು ಬರೀಬಾರದು ಅಂತ ನಿಯಮ ಮಾಡಿದವಳು ನಾನು,” ಅಂದಳು ಅವಳು. “ಆ ಮಗು ಅಕ್ಷರ ಕಲಿತಾಗಿಂದ ಆ ಪುಸ್ತಕದಲ್ಲಿ ಅದನ್ನೇ ಬರೀತಾ ಬಂತು, ‘ತುಂಬಾ ಖುಷಿಯಾಯಿತು ಅಜ್ಜಿ’ ಅಂತ. ಅವತ್ತೂ ನಾನು ಪುಸ್ತಕ ಮುಂದಿಟ್ಟೆ, ಪೆನ್ನು ಕೊಟ್ಟೆ, ಬರೀ ಅಂದೆ. ಬರೆದಳು. ತಪ್ಪು ಅವಳದಲ್ಲ, ಪುಸ್ತಕದ್ದು. ಪುಸ್ತಕ ನನ್ನದು.”

ವಕೀಲ ಇನ್ನೇನೂ ಕೇಳಲಿಲ್ಲ. ಓಶಿಲ್ಡ್ ಎದ್ದು, ಅಮ್ಮನ ಪಕ್ಕದಲ್ಲೇ ಹಾದು, ತಲೆ ತಿರುಗಿಸದೆ ಹೊರಟುಹೋದಳು. ಟೂರ್ಡಿಸ್ ಅವಳ ಹಿಂದೆಯೇ ನೋಡುತ್ತಾ ನಿಂತಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದರೆ ಖಾಲಿ. ಎಲ್ಲ ತಿಂದುಬಿಟ್ಟಿದ್ದೀಯಲ್ಲೇ ಹೊಟ್ಟೆಬಾಕಿ ಎಂದು ನನ್ನನ್ನು ಬೈದಳು. ಐವತ್ತು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ದೂರು ಅದು. ಬೈಸಿಕೊಂಡು ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಅವಳನ್ನು ತಬ್ಬಿಕೊಂಡೆ.

ತೀರ್ಪು ಹದಿನೇಳು ದಿನಕ್ಕೆ ಬಂತು. ಐವಿಂಡ್ ತಪ್ಪಿತಸ್ಥ, ಮೂವರದೂ ಒಂದೇ ಅಭಿಪ್ರಾಯ. ನಾಲ್ಕು ವರ್ಷ ಜೈಲು. ಇಡುನ್ ಅಜ್ಜಿಯ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟಳು, ನಕ್ಕಳು, ಅತ್ತಳು, ಮತ್ತೆ ನಕ್ಕಳು. ಟೂರ್ಡಿಸ್‌ಗೆ ಕನ್ನಡಕ ಸಿಗದೆ ಪೂರ್ತಿ ತೀರ್ಪನ್ನು ಓದಿ ಹೇಳುವ ಕೆಲಸ ನನಗೆ ಬಂತು. ಹತ್ತೊಂಬತ್ತು ಪುಟ. ಇಡುನ್ ತನ್ನ ಸಾಕ್ಷ್ಯದಲ್ಲಿ ಹನ್ನೊಂದು ಸಲ ‘ನೆನಪಿಲ್ಲ’ ಎಂದಿದ್ದಳಂತೆ. ಇದೇ ಮುಳುವಾಗಬೇಕಿತ್ತಲ್ಲ ಅಂದುಕೊಂಡು ಮುಂದೆ ಓದಿದೆ. ಆಗಿರಲಿಲ್ಲ. ನೆನಪಿದ್ದದ್ದನ್ನು ಇದ್ದಷ್ಟೇ ಹೇಳಿದಳು, ಇಲ್ಲದ ಕಡೆ ತುಂಬಿಸಲು ಹೋಗಲಿಲ್ಲ, ಅವನಿಗೆ ಅನುಕೂಲವಾಗುವ ಮಾತನ್ನೂ ಬಚ್ಚಿಡಲಿಲ್ಲ, ಅದಕ್ಕೇ ಅವಳ ಮಾತು ನಂಬಲು ಯೋಗ್ಯ ಎಂದು ಬರೆದಿದ್ದರು. ಹಾಗೆಂದು ಬರೀ ಅವಳ ಮಾತಿನ ಮೇಲೆ ನಿಂತೂ ಬಿಟ್ಟಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಇಡುನ್ ತಿನ್ನದ ವಾಫಲ್ ಮತ್ತು ಎರಡು ಹದಿನೈದರ ಬಸ್ಸಿನ ವಿಷಯ ಹೇಳಿದ್ದಳು. ಅದನ್ನು ಕೇಳಿಸಿಕೊಂಡಿರದ ಅಜ್ಜಿ ಅದೇ ಬಸ್ಸು, ಅದೇ ಹೊತ್ತು ಹೇಳಿದಳು. ಪುಸ್ತಕದ ಬಗ್ಗೆಯೂ ಒಂದು ಪ್ಯಾರಾ ಇತ್ತು. ಮನೆಯೊಳಗೆ ನಡೆದ ಅಪರಾಧದ ಮಾರನೆಯ ದಿನ ಮನೆಯವರ ಮುಂದೆ ನಗುವುದು, ಅವರಿಗೆ ತಿಂಡಿ ಮಾಡಿ ಹಾಕುವುದು, ಕಲಿತ ಸಾಲನ್ನೇ ಬರೆಯುವುದು, ಇವು ಏನೂ ನಡೆದಿಲ್ಲ ಎಂಬುದಕ್ಕೆ ಪುರಾವೆಯಲ್ಲ ಎಂದಿತ್ತು. ಸಾಕ್ಷಿಯ ಗಂಡನ ಸಾವನ್ನೂ ದಾಖಲಿಸದ ಪುಸ್ತಕಕ್ಕೆ ಈ ಪ್ರಕರಣದಲ್ಲಿ ತೂಕ ಕೊಡಲಾಗದು ಎಂದೂ ಇತ್ತು.

ಅಂದರೆ ಪುಸ್ತಕವನ್ನು ಒಲೆಗೆ ಹಾಕಿದ್ದರೆ ಕೇಸೇ ಕೆಡುತ್ತಿತ್ತು. ಸುಟ್ಟಿರಿ ಯಾಕೆ ಎಂಬ ಪ್ರಶ್ನೆಯೊಂದೇ ಸಾಕಿತ್ತು. ನನ್ನ ಸಲಹೆ ಅದೇ ಆಗಿತ್ತು ಎಂದು ಟೂರ್ಡಿಸ್ ಅವತ್ತಿನಿಂದ ವಾರಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ಒಂದು ಸಲ ದೂರಲು ಕಲಿತವಳು ಈಗ ಕೈಗೆ ಸಿಗುವುದಿಲ್ಲ. ಹವೆಯನ್ನು ಬೈಯುತ್ತಾಳೆ, ಹೊಸ ಬಸ್ಸುಗಳ ಸೀಟನ್ನು ಬೈಯುತ್ತಾಳೆ, ನನ್ನ ಕಾಫಿ ತೆಳು ಅನ್ನುತ್ತಾಳೆ. ಎಪ್ಪತ್ತೆರಡನೆಯ ವಯಸ್ಸಿಗೆ ಎಂಥಾ ಹುಮ್ಮಸ್ಸು ಅಂತೀರಿ.

ಐವಿಂಡ್ ಮೇಲ್ಮನವಿ ಹಾಕಲಿಲ್ಲ. ಓಶಿಲ್ಡ್ ಇನ್ನೂ ಅಮ್ಮನ ಜೊತೆ ಮಾತಾಡಿಲ್ಲ. ಆದರೆ ಮೇ ತಿಂಗಳಲ್ಲಿ ಬೆಟ್ಟದ ಮನೆಯ ಇನ್ನೊಂದು ಬೀಗದ ಕೈ ಅಂಚೆಯಲ್ಲಿ ಬಂತು, ಜೊತೆಗೆ ಚೀಟಿ ಏನೂ ಇರಲಿಲ್ಲ. ಟೂರ್ಡಿಸ್ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ರಿಜಿಸ್ಟರ್ ಮಾಡಿ ಕಳಿಸಿದಾಳೆ ಕಣೇ, ಕಳೆದುಹೋಗಬಾರದು ಅಂತ ಅಂದಳು. ಹಳೆಯ ಅಭ್ಯಾಸ ಪೂರ್ತಿ ಹೋಗಿಲ್ಲ ಪಾಪ. ಆ ಲಕೋಟೆಯನ್ನು ಅವಳು ಇನ್ನೂ ಎಸೆದಿಲ್ಲ.

ಜೂನ್‌ನಲ್ಲಿ ಮೂವರೂ ಬೆಟ್ಟದ ಮನೆಗೆ ಹೋದೆವು. ಆ ಈಸ್ಟರ್‌ನಲ್ಲಿ ಎರಡು ಹದಿನೈದರ ಬಸ್ಸಿನಲ್ಲಿ ಇಳಿದುಹೋದ ಇಡುನ್ ಅಲ್ಲಿಗೆ ಮತ್ತೆ ಹತ್ತಿದ್ದು ಆವತ್ತೇ. ಅವಳು ಚೀಲದಿಂದ ಮೊದಲು ಹೊರಗೆ ತೆಗೆದದ್ದು ಮೊಳೆ ಕೀಳುವ ಹಾರೆ. ಸೌದೆ ಕೊಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಮೊದಲ ಹಲಗೆ ಕಿತ್ತಳು. ಟೂರ್ಡಿಸ್ ಸುತ್ತಿಗೆ ಹಿಡಿದಳು, ನಾನು ಕೊಡಲಿ. ಸೊಳ್ಳೆಗಳು ಮುತ್ತಿಕೊಂಡವು, ಮಳೆ ಹನಿಯಿತು, ನನ್ನ ಬೆರಳಿಗೆ ಸಿಬಿರು ಹೊಕ್ಕಿತು. ನಾವು ಕೂಗಾಡಿಕೊಂಡು, ಬೈದಾಡಿಕೊಂಡು, ಮಧ್ಯಾಹ್ನದೊಳಗೆ ಆ ಕೊಟ್ಟಿಗೆಯನ್ನು ನೆಲಸಮ ಮಾಡಿದೆವು. ಹೊಸದನ್ನು ಮನೆಯ ಮುಂದೆ, ಬಿಸಿಲು ಬೀಳುವ ಕಡೆ ಕಟ್ಟುತ್ತೇನೆ ಎಂದು ಇಡುನ್ ಅಳತೆ ಹಿಡಿದಳು. ಹಳೆಯ ಹಲಗೆಗಳನ್ನು ಒಲೆಗೆ ಹಾಕಿ ಆ ಬೆಂಕಿಯಲ್ಲೇ ವಾಫಲ್ ಮಾಡಿದಳು. ಒಣಮರ ಭಗ್ಗನೆ ಉರಿದು ಮೊದಲ ಐದೂ ಕಪ್ಪಾದವು. ಆರನೆಯದನ್ನು ಅವಳು ಒಲೆಯ ಮುಂದೆ ನಿಂತೇ, ಜಾಮ್ ಕೂಡ ಹಚ್ಚದೆ, ತಾನೇ ತಿಂದಳು. ಟೂರ್ಡಿಸ್ ಅದನ್ನು ನೋಡಿದಳು. ನಾನು ಟೂರ್ಡಿಸ್‌ಳನ್ನು ನೋಡಿದೆ.

ಊಟವಾದ ಮೇಲೆ ಟೂರ್ಡಿಸ್ ಪುಸ್ತಕ ತಂದಳು. ನ್ಯಾಯಾಲಯದವರು ವಾಪಸು ಕಳಿಸಿದ್ದರು, ಬೆನ್ನ ಮೇಲಿನ ನಂಬರ್ ಚೀಟಿ ಹಾಗೇ ಇತ್ತು. ನಿಯಮ ರದ್ದು, ಏನು ಬೇಕಾದರೂ ಬರೆಯಬಹುದು ಎಂದು ಮೈಕು ಹಿಡಿದವಳ ದನಿಯಲ್ಲಿ ಸಾರಿದಳು. ಮೊದಲು ತಾನೇ ಪೆನ್ನು ತೆಗೆದುಕೊಂಡು, ಆ ಮಾರ್ಚ್ ತಿಂಗಳ ಪುಟ ಹುಡುಕಿ, ಎರಡು ಲೋಟ ಕಾಫಿಯ ಕೆಳಗೆ ಬರೆದಳು: ‘ಹಾಲ್ವರ್ ಇವತ್ತು ತೀರಿಕೊಂಡ. ನನಗೆ ತುಂಬಾ ಕಷ್ಟವಾಯಿತು.’ ನಾನು ಒಂದೂವರೆ ಪುಟ ಬರೆದೆ, ಸೊಳ್ಳೆ, ಸಿಬಿರು, ಟೂರ್ಡಿಸ್‌ಳ ಗೊರಕೆ, ಎಲ್ಲ. ಮೂವತ್ತೈದು ವರ್ಷದ ಬಾಕಿ ಇತ್ತು ನೋಡಿ.

ಕೊನೆಗೆ ಇಡುನ್. ಬಗ್ಗಿ ಬರೆದು, ಪುಸ್ತಕವನ್ನು ಅಜ್ಜಿಯ ಕಡೆ ತಳ್ಳಿದಳು. ಟೂರ್ಡಿಸ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು:

‘ಮಳೆ. ವಾಫಲ್ ಸೀದುಹೋಯಿತು. ಕೊಟ್ಟಿಗೆ ಇಲ್ಲ. ತುಂಬಾ ಖುಷಿಯಾಯಿತು, ಅಜ್ಜಿ. ಈ ಸಲ ನಿಜ.’

ಟೂರ್ಡಿಸ್ ಕನ್ನಡಕ ತೆಗೆದು ಒರೆಸಿಕೊಂಡಳು. “ವಾಫಲ್ ಸೀದಿದೆ ಅಂತ ದೂರು ಬರೆದಿದೀಯ,” ಅಂದಳು. “ಆಲೂಗೆಡ್ಡೆ ಬುಟ್ಟಿ ಆ ಮೂಲೇಲಿದೆ, ತಗೊಂಡ್ ಬಾ.”

ನಿಯಮ ರದ್ದು ಅಂದೆಯಲ್ಲ ಎಂದು ಇಡುನ್ ಜಗಳಕ್ಕೆ ನಿಂತಳು. ರದ್ದಾದದ್ದು ಬರೆಯುವ ನಿಯಮ, ಸುಲಿಯುವ ನಿಯಮವಲ್ಲ ಎಂದಳು ಟೂರ್ಡಿಸ್. ಹಾಗೆ ನೋಡಿದರೆ ಅವತ್ತು ಮೂವರೂ ದೂರು ಬರೆದಿದ್ದೆವು. ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಮೂವರೂ ಕೂತು ಸುಲಿದೆವು.